ಐವತ್ತಾರೂವರೆ ಮಿಲಿಮೀಟರ್: ಹರಿಹರದ ಲೇಥ್‌ನಿಂದ ವರ್ಗಮೂಲದ ಕಥೆ

▪️ ಭಾಗ 1/9
📷 ಎಣ್ಣೆ ಹಿಡಿದ ಬೆರಳು, ಅಂಗಡಿ ಕ್ಯಾಲ್ಕುಲೇಟರ್, ಪರದೆ ಮೇಲೆ 256.12496

ಹರಿಹರದ ಒಂದು ಸಣ್ಣ ವರ್ಕ್‌ಶಾಪ್. ಹುಡುಗನ ಕೈಯಲ್ಲಿ ಡ್ರಾಯಿಂಗ್ ಇದೆ. ಶಾಫ್ಟಿನ ತುದಿಗೆ 40 ಮಿ.ಮೀ. ಚೌಕ ಬರಬೇಕು. ಆ ಚೌಕವನ್ನು ರೌಂಡ್ ಬಾರ್‌ನಿಂದಲೇ ಕಡೀಬೇಕು. ಹಾಗಾದ್ರೆ ಎಷ್ಟು ದಪ್ಪದ ಬಾರ್ ತರಬೇಕು? ಚೌಕದ ಮೂಲೆಯಿಂದ ಎದುರು ಮೂಲೆಗೆ ಎಷ್ಟು ಉದ್ದವೋ, ಬಾರ್‌ನ ವ್ಯಾಸ ಅಷ್ಟಾದರೂ ಇರಬೇಕು. ಶಾಲೆಯಲ್ಲಿ ಓದಿದ ಪೈಥಾಗೊರಸ್ ಲೆಕ್ಕವೇ ಇದು. 40ರ ವರ್ಗಕ್ಕೆ ಇನ್ನೊಂದು 40ರ ವರ್ಗ ಕೂಡಿಸಿ, ಬಂದದ್ದರ ವರ್ಗಮೂಲ ತೆಗೀಬೇಕು.

ಹುಡುಗ ಒತ್ತಿದ: 40 × 40 + 40 × 40 = √

"ಕಾಕಾ, 256 ಎಂಎಂ ಬಾರ್ ಬೇಕಾಗುತ್ತೆ."

ಸ್ಟೂಲ್ ಮೇಲೆ ಕೂತಿದ್ದ ಹಿರಿಯ ಟರ್ನರ್ ತಲೆ ಕೂಡ ಎತ್ತಲಿಲ್ಲ. "ಅಲ್ಲೋ ತಮ್ಮಾ, ನಲವತ್ತರ ಚೌಕಕ್ಕೆ 256ರ ಬಾರಾ? ಒಂದು ಹೋಳಿಗೆಗೆ ಒಂದು ಚೀಲ ಹಿಟ್ಟು ಕಲಸ್ತೀಯೇನು? ಐವತ್ತಾರೂವರೆ ಬರ್ತೈತಿ ನೋಡು. ಅರವತ್ತರ ಬಾರ್ ತಗೋ."

ಕ್ಯಾಲ್ಕುಲೇಟರ್ ಸುಳ್ಳೇನೂ ಹೇಳಿರಲಿಲ್ಲ. ಅಂಗಡಿಯಲ್ಲಿ ಇರ್ತದಲ್ಲ, ಆ ಸಾದಾ ಕ್ಯಾಲ್ಕುಲೇಟರ್ ನಾವು ಒತ್ತಿದ ಕ್ರಮದಲ್ಲೇ ಲೆಕ್ಕ ಮಾಡ್ತಾ ಹೋಗುತ್ತೆ. 40 × 40, 1600 ಆಯ್ತು. ಅದಕ್ಕೆ 40 ಕೂಡಿಸ್ತು, 1640. ಅದನ್ನ 40ರಿಂದ ಗುಣಿಸ್ತು, 65600. ಅದರ ವರ್ಗಮೂಲ ಕೊಟ್ಟು ಸುಮ್ಮನಾಯ್ತು. ನಮಗೆ ಬೇಕಾಗಿದ್ದದ್ದು 3200ರ ವರ್ಗಮೂಲ.

ಯಂತ್ರವನ್ನು ಮುಟ್ಟದೆಯೇ ಆ ಉತ್ತರ ತಪ್ಪು ಅಂತ ಕಾಕಾಗೆ ಹೇಗೆ ಗೊತ್ತಾಯ್ತು? ಈ ಸರಣಿ ಅದರ ಬಗ್ಗೆ.

▪️ ಭಾಗ 2/9
📷 ತುಂಗಭದ್ರೆಯ ದಡ, ಸಂಜೆ

ಹೊರಗಿನವರಿಗೆ ಹರಿಹರ ಅಂದ್ರೆ ಹರಿಹರೇಶ್ವರ, 13ನೇ ಶತಮಾನದ ಹೊಯ್ಸಳರ ಗುಡಿ. ಊರಿನ ಹಳಬರಿಗೆ ಇನ್ನೊಂದು ಗುರುತಿದೆ: ಕಿರ್ಲೋಸ್ಕರ್.

1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಂಪನಿ ಇಲ್ಲಿ ಶುರುವಾಯ್ತು. ಆಗ ನದಿಯ ಈ ದಡ ಮೈಸೂರು ಸಂಸ್ಥಾನ, ಆ ದಡ ಮುಂಬೈ ಪ್ರಾಂತ್ಯ. ಪಕ್ಕದ ದಾವಣಗೆರೆಯಲ್ಲಿ ಹತ್ತಿ ಮಿಲ್ಲುಗಳ ಸೈರನ್. ಹರಿಹರದಲ್ಲಿ ಮಾಡ್ತಿದ್ದದ್ದು ಲೇಥ್, ಅಂದ್ರೆ ಬೇರೆ ಯಂತ್ರಗಳ ಭಾಗಗಳನ್ನು ಮಾಡೋ ಯಂತ್ರ. 2000ರ ದಶಕದ ಆರಂಭದ ಹೊತ್ತಿಗೆ ಕಾರ್ಖಾನೆ ಬಾಗಿಲು ಹಾಕಿತು. ಹರಿಹರದ ಲೇಥ್‌ಗಳು ಮಾತ್ರ ಎಷ್ಟೋ ವರ್ಕ್‌ಶಾಪ್‌ಗಳಲ್ಲಿ ಈಗಲೂ ತಿರುಗ್ತಿವೆ.

ಕಾಕಾನನ್ನ ಕೇಳಿದೆ: "ಕ್ಯಾಲ್ಕುಲೇಟರ್ ಇಲ್ಲದಾಗ ವರ್ಗಮೂಲ ಹೆಂಗೆ ತೆಗೀತಿದ್ರಿ?"

"ತೆಗೀತಿರ್ಲಿಲ್ಲಪ್ಪ. ಒಂದು ಪಾಯಿಂಟ್ ನಾಲ್ಕು ಒಂದು ನಾಲ್ಕು. ಬಾಯಾಗೇ ಇರ್ತಿತ್ತು."

1.414, ಅಂದ್ರೆ 2ರ ವರ್ಗಮೂಲ. ಚೌಕದ ಬದಿ ಎಷ್ಟೇ ಇರಲಿ, 1.414ರಿಂದ ಗುಣಿಸಿದರೆ ಮೂಲೆಯಿಂದ ಮೂಲೆಗೆ ಅಳತೆ ಬಂತು. 40 × 1.414 = 56.56. ಉಲ್ಟಾ ಬೇಕಾದ್ರೆ 0.707: 50ರ ಬಾರ್‌ನಲ್ಲಿ 35ರ ಚೌಕ ಕೂರುತ್ತೆ, 36ರದ್ದು ಕೂರಲ್ಲ. ಆರು ಮೂಲೆಯ ಬೋಲ್ಟ್ ತಲೆಗೆ 1.155: ಸ್ಪ್ಯಾನರ್ ಅಳತೆ 24 ಇದ್ರೆ ಮೂಲೆಯಿಂದ ಮೂಲೆಗೆ ಸುಮಾರು 27.7.

ಈ 1.414 ನಮ್ಮಲ್ಲಿ ಬಹಳ ಹಳೆಯದು. ಯಜ್ಞವೇದಿಕೆ ಕಟ್ಟೋರಿಗಾಗಿ ಇದ್ದ ಬೌಧಾಯನ ಶುಲ್ಬಸೂತ್ರದಲ್ಲಿ ಹಗ್ಗದ ಲೆಕ್ಕವಾಗಿ ಬರುತ್ತೆ: ಬದಿಗೆ ಅದರ ಮೂರನೇ ಒಂದು ಭಾಗ ಸೇರಿಸು, ಆ ಮೂರನೇ ಭಾಗದ ನಾಲ್ಕನೇ ಒಂದು ಭಾಗ ಸೇರಿಸು, ಆ ಕೊನೆಯದರ 34ನೇ ಒಂದು ಭಾಗ ಕಳೆ. ಲೆಕ್ಕ ಹಾಕಿದ್ರೆ 577 ÷ 408 = 1.4142156. ನಿಜವಾದ ಬೆಲೆ 1.4142135. 100 ಮಿ.ಮೀ. ಚೌಕ ಕಡಿದರೆ ಬರೋ ವ್ಯತ್ಯಾಸ ಸುಮಾರು 0.0002 ಮಿ.ಮೀ. ವರ್ಕ್‌ಶಾಪಿನ ಸಾಮಾನ್ಯ ಮೈಕ್ರೋಮೀಟರ್ ಓದೋದು 0.01ರ ತನಕ. ಹಗ್ಗ ಎಳೆದವರ ಲೆಕ್ಕ ನಮ್ಮ ಮೈಕ್ರೋಮೀಟರ್‌ಗೂ ಸಿಗದಷ್ಟು ಸೂಕ್ಷ್ಮ.

▪️ ಭಾಗ 3/9
📷 ಸ್ಲೇಟಿನ ಮೇಲೆ ಸೀಮೆಸುಣ್ಣದಲ್ಲಿ 32|00

ಬಾಯಿಪಾಠ ಇಲ್ಲದ ಸಂಖ್ಯೆ ಬಂದಾಗ? ಆಗ ಭಾಗಾಹಾರ ಕ್ರಮ. ನಮ್ಮ ಮೇಷ್ಟ್ರುಗಳು ಬೋರ್ಡ್ ಮೇಲೆ ಮಾಡಿ ತೋರಿಸ್ತಿದ್ದ ಆ ಏಣಿಯಂಥ ಲೆಕ್ಕ ನೆನಪಿದೆಯಾ? ಮರೆತಿದ್ರೆ 3200ರ ಮೇಲೆ ಇನ್ನೊಮ್ಮೆ ಮಾಡೋಣ ಬನ್ನಿ.

ಬಲದಿಂದ ಎರಡೆರಡು ಅಂಕಿ ಜೋಡಿ ಮಾಡಿ: 32 | 00.

32ರೊಳಗೆ ಹಿಡಿಯೋ ದೊಡ್ಡ ವರ್ಗ 25. ಮೂಲ 5. ಉಳಿದದ್ದು 7.

ಮುಂದಿನ ಜೋಡಿ ಇಳಿಸಿ: 700. ಈಗ 5ರ ಎರಡರಷ್ಟು 10. ಅದರ ಪಕ್ಕ ಒಂದು ಅಂಕಿ ಇಟ್ಟು, ಅದೇ ಅಂಕಿಯಿಂದ ಗುಣಿಸಬೇಕು, 700 ದಾಟಬಾರದು. 106 × 6 = 636 ಸರಿ. 107 × 7 = 749 ಜಾಸ್ತಿ ಆಯ್ತು. ಹಾಗಾಗಿ 6. ಉಳಿದದ್ದು 64.

ಇಲ್ಲಿಗೆ 56. ಚುಕ್ಕಿ ಇಟ್ಟು ಎರಡು ಸೊನ್ನೆ ಇಳಿಸಿ: 6400. 56ರ ಎರಡರಷ್ಟು 112. 1125 × 5 = 5625. ಹಾಗಾಗಿ 5. ಉಳಿದದ್ದು 775.

ಮತ್ತೆ ಎರಡು ಸೊನ್ನೆ: 77500. 565ರ ಎರಡರಷ್ಟು 1130. 11306 × 6 = 67836. ಹಾಗಾಗಿ 6.

56.56. ಕಾಕಾನ ಐವತ್ತಾರೂವರೆ.

ಒಂದು ವಿಷಯ ಗಮನಿಸಿ. ಈ ಕ್ರಮದಲ್ಲಿ 256 ಬರೋಕೆ ದಾರಿಯೇ ಇಲ್ಲ. ಜೋಡಿ ಎರಡೇ ಇದ್ದ ಮೇಲೆ ಚುಕ್ಕಿಯ ಹಿಂದೆ ಎರಡೇ ಅಂಕಿ. ಮೊದಲ ಹೆಜ್ಜೆಯಲ್ಲೇ ಉತ್ತರ 50 ಮತ್ತು 60ರ ನಡುವೆ ಅಂತ ಗೊತ್ತಾಗಿ ಹೋಗುತ್ತೆ. ಅಂದಾಜು ಈ ಲೆಕ್ಕದ ಒಳಗೇ ಇದೆ.

▪️ ಭಾಗ 4/9
📷 ಕ್ಯಾಲ್ಕುಲೇಟರ್ ಪರದೆ ಮೇಲೆ ಒಂಟಿ "ಇ" ಅಕ್ಷರ

ಈ ಕ್ರಮ ಇಂಗ್ಲಿಷ್ ಶಾಲೆಯಿಂದ ಬಂದದ್ದು ಅಂದ್ಕೊಂಡಿದ್ರೆ ಸ್ವಲ್ಪ ನಿಲ್ಲಿ. ಅಂಕಿ ಅಂಕಿಯಾಗಿ ವರ್ಗಮೂಲ, ಘನಮೂಲ ತೆಗೆಯೋ ಕ್ರಮ ಕ್ರಿ.ಶ. 499ರ ಆರ್ಯಭಟೀಯದಲ್ಲೇ ಇದೆ. ಕನ್ನಡ ನಾಡಿನಲ್ಲಿ ಅದನ್ನ ಇಡೀ ಪಠ್ಯವಾಗಿ ಕಟ್ಟಿಕೊಟ್ಟವರು ಮಹಾವೀರಾಚಾರ್ಯರು.

ಕಾಲ ಸುಮಾರು ಕ್ರಿ.ಶ. 850. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಆಳ್ವಿಕೆ. ತುಂಗಭದ್ರೆಯ ಈ ಸೀಮೆಯೂ ಆಗ ಅವರದ್ದೇ. ಗ್ರಂಥದ ಹೆಸರು ಗಣಿತಸಾರಸಂಗ್ರಹ, ಭಾಷೆ ಸಂಸ್ಕೃತ. ಎಂಟು ಮೂಲ ಕ್ರಿಯೆಗಳನ್ನ ಅವರು ಹೇಳ್ತಾರೆ: ಗುಣಾಕಾರ, ಭಾಗಾಹಾರ, ವರ್ಗ, ವರ್ಗಮೂಲ, ಘನ, ಘನಮೂಲ, ಸಂಕಲಿತ, ವ್ಯುತ್ಕಲಿತ. ಇವುಗಳಲ್ಲಿ ಎಷ್ಟೋ ಪದಗಳನ್ನ ನಮ್ಮ ಮಕ್ಕಳು ಕನ್ನಡ ಪಠ್ಯದಲ್ಲಿ ಇವತ್ತಿಗೂ ಓದ್ತಾರೆ.

ಅವರ ಒಂದು ಮಾತನ್ನ ನೀವೇ ಕ್ಯಾಲ್ಕುಲೇಟರ್‌ನಲ್ಲಿ ಪರೀಕ್ಷೆ ಮಾಡಬಹುದು. 3 − 7 = ಒತ್ತಿ, ಋಣ 4 ಬರುತ್ತೆ. ಈಗ √ ಒತ್ತಿ. ಸಾದಾ ಕ್ಯಾಲ್ಕುಲೇಟರ್ "ಇ" ಅಂತ ತೋರಿಸಿ ತಪ್ಪು ಅನ್ನುತ್ತೆ. ಮಹಾವೀರರು ಹೇಳಿದ್ದೂ ಅದನ್ನೇ: ಧನದ ವರ್ಗವೂ ಧನ, ಋಣದ ವರ್ಗವೂ ಧನ, ಋಣಸಂಖ್ಯೆ ಸ್ವಭಾವದಿಂದಲೇ ವರ್ಗವಲ್ಲ, ಹಾಗಾಗಿ ಅದಕ್ಕೆ ವರ್ಗಮೂಲ ಇಲ್ಲ. ಆ "ಇ" ಅಕ್ಷರಕ್ಕೆ ಸಾವಿರ ವರ್ಷ ಮೊದಲೇ ಕಾರಣ ಬರೆದಿಟ್ಟ ಹಾಗೆ.

ಎಲ್ಲವೂ ಕರಾರುವಾಕ್ಕು ಅಂತಲ್ಲ. ವೃತ್ತದ ಪರಿಧಿಗೆ ಅವರು ಕೊಟ್ಟ ಸ್ಥೂಲ ಲೆಕ್ಕ ವ್ಯಾಸದ 3 ಪಟ್ಟು, ಸೂಕ್ಷ್ಮ ಲೆಕ್ಕ ವ್ಯಾಸದ √10 ಪಟ್ಟು. 10 √ ಒತ್ತಿ: 3.1622776. ಪೈ ಬೆಲೆ 3.1416. ಅಂದ್ರೆ 100 ಮಿ.ಮೀ. ವ್ಯಾಸದ ಜಾಬ್‌ಗೆ ಪಟ್ಟಿ ಸುತ್ತಿದ್ರೆ 2 ಮಿ.ಮೀ. ಹೆಚ್ಚಾಗುತ್ತೆ. ಇರೋದನ್ನ ಇದ್ದ ಹಾಗೆ ಹೇಳಿದ್ರೇ ಅವರಿಗೆ ಗೌರವ.

1912ರಲ್ಲಿ ಎಂ. ರಂಗಾಚಾರ್ಯರು ಇದನ್ನ ಇಂಗ್ಲಿಷ್ ಅನುವಾದದೊಂದಿಗೆ ಮದರಾಸಿನಲ್ಲಿ ಪ್ರಕಟಿಸಿದರು. 2000ರಲ್ಲಿ ಪದ್ಮಾವತಮ್ಮನವರ ಕನ್ನಡ ಅನುವಾದ ಶಿವಮೊಗ್ಗ ಜಿಲ್ಲೆಯ ಹೊಂಬುಜದಿಂದ ಹೊರಬಂತು. ಕನ್ನಡದಲ್ಲೇ ಗಣಿತ ಬರೆದವರೂ ಇದ್ದಾರೆ: 12ನೇ ಶತಮಾನದ ರಾಜಾದಿತ್ಯ, ಕೃತಿ ವ್ಯವಹಾರಗಣಿತ.

▪️ ಭಾಗ 5/9
📷 ಹಳೇ ಲಾಗ್ ಟೇಬಲ್ ಪುಸ್ತಕ, ರಟ್ಟು ಹರಿದಿದೆ

1951ರಲ್ಲಿ ದಾವಣಗೆರೆಯಲ್ಲಿ ಬಿ.ಡಿ.ಟಿ. ಇಂಜಿನಿಯರಿಂಗ್ ಕಾಲೇಜು ಶುರುವಾಯ್ತು. ಆ ಕಾಲದ ಇಂಜಿನಿಯರಿಂಗ್ ವಿದ್ಯಾರ್ಥಿಯ ಆಸ್ತಿ ಎರಡು: ಲಾಗ್ ಟೇಬಲ್, ಸ್ಲೈಡ್ ರೂಲ್.

ಲಾಗ್‌ನಲ್ಲಿ ವರ್ಗಮೂಲ ಅಂದ್ರೆ ಅರ್ಧ ಮಾಡೋದು, ಅಷ್ಟೇ. 3200ರ ಲಾಗ್ 3.5051. ಅರ್ಧ ಮಾಡಿ, 1.7526. ಆಂಟಿಲಾಗ್ ನೋಡಿ, 56.57. ಘನಮೂಲ ಬೇಕಾದ್ರೆ ಮೂರರಿಂದ ಭಾಗಿಸಿ.

ಈ ಕೋಷ್ಟಕ ಕಟ್ಟಿದವರ ಕಷ್ಟ ಕೇಳಿ. ಇಂಗ್ಲೆಂಡಿನ ಹೆನ್ರಿ ಬ್ರಿಗ್ಸ್ 10ರ ವರ್ಗಮೂಲ ತೆಗೆದ, ಬಂದದ್ದರ ವರ್ಗಮೂಲ, ಮತ್ತೆ ಅದರ ವರ್ಗಮೂಲ, ಹೀಗೆ 54 ಸಲ, ಎಲ್ಲ ಕೈಯಲ್ಲೇ. ಕೊನೆಗೆ ಸಿಕ್ಕ ಸಂಖ್ಯೆಯಲ್ಲಿ 1ರ ನಂತರ ಚುಕ್ಕಿ, ಅದರ ಮುಂದೆ 15 ಸೊನ್ನೆ, ಆಮೇಲೆ ಉಳಿದ ಅಂಕಿಗಳು. ಅಲ್ಲಿಂದ ಹಿಂದಕ್ಕೆ ಬಂದು ಲಾಗರಿತಮ್‌ಗಳನ್ನ ಕಟ್ಟಿದ. ಪುಸ್ತಕ ಬಂದದ್ದು 1624ರಲ್ಲಿ. ನೀವೂ 10 ಒತ್ತಿ √ ಒತ್ತುತ್ತಾ ಹೋಗಿ. ಅಂಗಡಿ ಕ್ಯಾಲ್ಕುಲೇಟರ್‌ನ 8 ಅಂಕಿ ಬೇಗ ಸುಸ್ತಾಗಿ 1ಕ್ಕೆ ಬಂದು ನಿಲ್ಲುತ್ತೆ.

ಸ್ಲೈಡ್ ರೂಲ್ ಅಂದ್ರೆ ಅದೇ ಲಾಗ್ ಅನ್ನು ಎರಡು ಪಟ್ಟಿಗಳ ಮೇಲೆ ಗೀಚಿದ್ದು. ಮೇಲಿನ ಪಟ್ಟಿಯಲ್ಲಿ 32ರ ಮೇಲೆ ಗೆರೆ ತಂದು ನಿಲ್ಲಿಸಿದ್ರೆ, ಕೆಳಗಿನ ಪಟ್ಟಿಯಲ್ಲಿ 5.66 ಕಾಣುತ್ತೆ. ಆದ್ರೆ 5.66ನೋ, 56.6ನೋ, 566ನೋ ಅಂತ ಪಟ್ಟಿ ಹೇಳಲ್ಲ. ಚುಕ್ಕಿ ಎಲ್ಲಿ ಅನ್ನೋದು ನಿಮ್ಮ ತಲೆಗೆ ಬಿಟ್ಟದ್ದು. ಅಂದಾಜು ಬಾರದವನು ಸ್ಲೈಡ್ ರೂಲ್ ಹಿಡಿಯೋಕೇ ಆಗ್ತಿರಲಿಲ್ಲ.

ಕ್ಯಾಲ್ಕುಲೇಟರ್ ಬಂದ ಮೇಲೆ ಚುಕ್ಕಿಯನ್ನೂ ಯಂತ್ರವೇ ಇಡ್ತು. ಅಂದಾಜು ಮಾಡಲೇಬೇಕಾದ ಅನಿವಾರ್ಯ ಹೋಯ್ತು.

▪️ ಭಾಗ 6/9
📷 ಕವಚ ಬಿಚ್ಚಿದ ಕ್ಯಾಲ್ಕುಲೇಟರ್, ಒಳಗೆ ಹಸಿರು ಹಲಗೆ

1972ರಲ್ಲಿ ಅಮೆರಿಕದ ಎಚ್‌ಪಿ ಕಂಪನಿ ಎಚ್‌ಪಿ-35 ಅನ್ನೋ ಕ್ಯಾಲ್ಕುಲೇಟರ್ ತಂತು. ಜೇಬಿಗೆ ಹಿಡಿಯೋ ಗಾತ್ರ, ಲಾಗ್, ಸೈನ್, √ ಎಲ್ಲ ಇತ್ತು. ಬೆಲೆ 395 ಡಾಲರ್. ಕೆಲವೇ ವರ್ಷಗಳಲ್ಲಿ ಸ್ಲೈಡ್ ರೂಲ್ ಕಪಾಟು ಸೇರಿತು.

√ ಗುಂಡಿಯ ಒಳಗೆ ಏನಾಗುತ್ತೆ? 1977ರ ಮೇ ತಿಂಗಳಲ್ಲಿ ಎಚ್‌ಪಿಯದ್ದೇ ಪತ್ರಿಕೆಯಲ್ಲಿ ವಿಲಿಯಂ ಎಗ್ಬರ್ಟ್ ಅದನ್ನ ಬಿಡಿಸಿ ಬರೆದರು. ಯಂತ್ರಕ್ಕೆ ಕಳೆಯೋದು ಸುಲಭ, ಗುಣಿಸೋದು ಕಷ್ಟ. ಹಾಗಾಗಿ ಬೆಸ ಸಂಖ್ಯೆಗಳ ಗುಟ್ಟು ಬಳಸಿದರು: 1 + 3 + 5 + 7 + 9 = 25, ಅಂದ್ರೆ ಐದು ಬೆಸ ಸಂಖ್ಯೆ ಕೂಡಿದರೆ 5ರ ವರ್ಗ.

3200ನ್ನೇ ತಗೊಳ್ಳಿ. 32ರಿಂದ 1, 3, 5, 7, 9 ಕಳೀರಿ. 7 ಉಳೀತು, 11 ಕಳೆಯೋಕಾಗಲ್ಲ. ಐದು ಸಲ ಕಳೆದ್ವಿ, ಹಾಗಾಗಿ ಮೊದಲ ಅಂಕಿ 5. ಮುಂದಿನ ಜೋಡಿ ಇಳಿಸಿ 700. ಅದರಿಂದ 101, 103, 105, 107, 109, 111 ಕಳೀರಿ. 64 ಉಳೀತು, 113 ಕಳೆಯೋಕಾಗಲ್ಲ. ಆರು ಸಲ, ಹಾಗಾಗಿ 6.

7, ಆಮೇಲೆ 64. ಭಾಗ 3ರಲ್ಲಿ ಸ್ಲೇಟಿನ ಮೇಲೆ ಉಳಿದ ಸಂಖ್ಯೆಗಳೇ ಅಲ್ವಾ? ಎಗ್ಬರ್ಟ್ ಇದನ್ನ ಯಂತ್ರಕ್ಕೆ ಇನ್ನಷ್ಟು ಸುಲಭ ಮಾಡಿಕೊಂಡ ಬಗೆ ಬೇರೆ, ಆದ್ರೆ ಬುಡ ಇದೇ. ಎಲ್ಲ ಕ್ಯಾಲ್ಕುಲೇಟರೂ ಹೀಗೇ ಮಾಡುತ್ತೆ ಅಂತಲ್ಲ, ಬೇರೆ ದಾರಿಗಳೂ ಇವೆ. ಆದ್ರೆ ಆ ಗುಂಡಿಯ ಒಳಗಿದ್ದದ್ದು ಮೇಷ್ಟ್ರ ಏಣಿ ಲೆಕ್ಕದ ಅಣ್ಣತಮ್ಮನೇ. ಯಂತ್ರ ಹೊಸದೇನನ್ನೂ ಕಂಡುಹಿಡೀಲಿಲ್ಲ. ಹೆಜ್ಜೆಗಳನ್ನ ಬಚ್ಚಿಟ್ಟುಕೊಂಡಿತು, ಅಷ್ಟೇ.

▪️ ಭಾಗ 7/9
📷 ಮನೆ ಮುಂದೆ ತೋಡಿದ ಸಂಪ್

ಅಂಗಡಿ ಕ್ಯಾಲ್ಕುಲೇಟರ್‌ನಲ್ಲಿ √ ಇದೆ, ಘನಮೂಲ ಇಲ್ಲ. ಈಗ 2,000 ಲೀಟರ್ ನೀರು ಹಿಡಿಯೋ ಸಂಪ್ ಬೇಕು, ಉದ್ದ, ಅಗಲ, ಆಳ ಮೂರೂ ಸಮ. 2,000 ಲೀಟರ್ ಅಂದ್ರೆ 2 ಘನಮೀಟರ್. ಹಾಗಾದ್ರೆ 2ರ ಘನಮೂಲ ಬೇಕು.

ಮೊದಲು ಅಂದಾಜು: 1ರ ಘನ 1, 2ರ ಘನ 8. ಉತ್ತರ 1ಕ್ಕೆ ಹತ್ತಿರ, ಒಂದೂಕಾಲು ಇರಬಹುದು.

ಈಗ 1 ಒತ್ತಿ. ಆಮೇಲೆ ಇದನ್ನೇ ಮತ್ತೆ ಮತ್ತೆ ಒತ್ತಿ: × 2 = √ √

ಬರೋದು ಹೀಗೆ: 1.189, 1.242, 1.255, 1.259, 1.2596... ಕೊನೆಗೆ 1.2599ರಲ್ಲಿ ನಿಲ್ಲುತ್ತೆ. ಒಂದು ಮೀಟರ್ 26 ಸೆಂಟಿಮೀಟರ್.

ಯಾಕೆ ಬರುತ್ತೆ? √ ಎರಡು ಸಲ ಅಂದ್ರೆ ನಾಲ್ಕನೇ ಮೂಲ. ಒಂದು ಸಂಖ್ಯೆಯನ್ನ 2ರಿಂದ ಗುಣಿಸಿ ನಾಲ್ಕನೇ ಮೂಲ ತೆಗೆದ್ರೂ ಅದು ಬದಲಾಗದೇ ನಿಂತಿತು ಅಂದ್ರೆ, ಅದರ ನಾಲ್ಕನೇ ಘಾತ ಅದರ ಎರಡರಷ್ಟಕ್ಕೆ ಸಮ. ಎರಡೂ ಕಡೆ ಒಂದು ಸಲ ಅದೇ ಸಂಖ್ಯೆಯಿಂದ ಭಾಗಿಸಿ. ಘನ 2 ಆಯ್ತು. ಪ್ರತಿ ಸುತ್ತಿಗೆ ತಪ್ಪು ಸುಮಾರು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತೆ.

ಇದರಲ್ಲಿ ಒಂದು ಚಂದ ಇದೆ: ನಡುವೆ ಎಲ್ಲೋ ಕೈ ಜಾರಿ ತಪ್ಪು ಅಂಕಿ ಬಂದ್ರೂ ಪರವಾಗಿಲ್ಲ. ಮುಂದಿನ ಸುತ್ತುಗಳು ತಾವೇ ತಿದ್ದಿಕೊಂಡು ಬರ್ತವೆ, 2 ಒಂದು ಸರಿಯಾಗಿ ಒತ್ತಿದ್ರೆ ಸಾಕು. ಎಂಟು ಅಂಕಿಯ ಯಂತ್ರದಲ್ಲಿ ಇಲ್ಲದ ಗುಂಡಿಯನ್ನ ನಾವೇ ಮಾಡಿಕೊಂಡ ಹಾಗೆ.

▪️ ಭಾಗ 8/9
📷 ಕಾಗದದ ಮೇಲೆ 50653, ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ

ಮೂಲಗಳ ಮಾತು ಬಂದ ಮೇಲೆ ಶಕುಂತಲಾ ದೇವಿಯವರನ್ನ ಬಿಡೋಕಾಗುತ್ತಾ? 1929ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. 1977ರಲ್ಲಿ ಅಮೆರಿಕದ ಡಲ್ಲಾಸ್‌ನ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದಲ್ಲಿ 201 ಅಂಕಿಗಳ ಸಂಖ್ಯೆಯೊಂದರ 23ನೇ ಮೂಲವನ್ನ 50 ಸೆಕೆಂಡಿನಲ್ಲಿ ಹೇಳಿದರು: 546372891.

"ಕಂಪ್ಯೂಟರನ್ನೇ ಸೋಲಿಸಿದ ಮಹಿಳೆ" ಅಂತ ವಾಟ್ಸಾಪ್‌ನಲ್ಲಿ ಓದಿ ಬೆರಗಾಗಿ ಸುಮ್ಮನಾಗ್ತೀವಿ. ಆ ಲೆಕ್ಕದ ಹೊಸ್ತಿಲ ತನಕ ನಾವೂ ಹೋಗಿ ಬರೋಣ.

50653 ಒಂದು ಪೂರ್ಣ ಘನ ಅಂತ ಗೊತ್ತಿದ್ದರೆ, ಕೊನೆಯ ಅಂಕಿ ನೋಡಿ: 3. ಘನಗಳಲ್ಲಿ 0, 1, 4, 5, 6, 9 ಹಾಗೇ ಉಳೀತವೆ. 2 ಮತ್ತು 8 ಅದಲುಬದಲು, 3 ಮತ್ತು 7 ಅದಲುಬದಲು. ಹಾಗಾಗಿ ಮೂಲದ ಕೊನೆಯ ಅಂಕಿ 7. ಈಗ ಕೊನೆಯ ಮೂರಂಕಿ ಬಿಟ್ಟು ಮುಂದಿನದನ್ನ ನೋಡಿ: 50. 27 ಮತ್ತು 64ರ ನಡುವೆ, ಅಂದ್ರೆ 3. ಉತ್ತರ 37.

1988ರಲ್ಲಿ ಬರ್ಕ್ಲಿಯ ಮನಃಶಾಸ್ತ್ರಜ್ಞ ಆರ್ಥರ್ ಜೆನ್ಸನ್ ಅವರನ್ನ ಪರೀಕ್ಷಿಸಿದರು. ಕೊಟ್ಟ ಲೆಕ್ಕಗಳಲ್ಲಿ ಒಂದು 170859375ರ ಏಳನೇ ಮೂಲ. ನೋಟ್‌ಬುಕ್‌ಗೆ ಸಂಖ್ಯೆ ಬರೆದುಕೊಳ್ಳೋಷ್ಟರಲ್ಲಿ ಉತ್ತರ ಬರ್ತಿತ್ತು ಅಂತ ಜೆನ್ಸನ್ ಬರೆದಿದ್ದಾರೆ. ನಾವೂ ನೋಡೋಣ: ಕೊನೆಗೆ 5, ಹಾಗಾಗಿ ಮೂಲದ ಕೊನೆಗೂ 5. 10ರ ಏಳನೇ ಘಾತ 1 ಕೋಟಿ, 20ರದ್ದು 128 ಕೋಟಿ. ನಮ್ಮದು 17 ಕೋಟಿ. ಹಾಗಾದ್ರೆ 15.

201 ಅಂಕಿ ಬೇರೆಯದೇ ಮಾತು. 9 ಅಂಕಿಯನ್ನ ಹೊರಗೆ ತೆಗೆಯೋದು ಅವರಂಥವರಿಗೆ ಮಾತ್ರ ಸಾಧ್ಯ. ಆದ್ರೆ ಬಾಗಿಲು ಇದೇ: ಉತ್ತರ ಎಷ್ಟು ದೊಡ್ಡದಿರಬಹುದು ಅಂತ ಮೊದಲು ಅಂದಾಜು, ಆಮೇಲೆ ಅಂಕಿ.

▪️ ಭಾಗ 9/9
📷 ಕಾಕಾನ ಜೇಬು ಪುಸ್ತಕ, ಅಂಚಿಗೆಲ್ಲ ಎಣ್ಣೆ ಕಲೆ

ಮತ್ತೆ ವರ್ಕ್‌ಶಾಪಿಗೆ ಬರೋಣ.

ಕಾಕಾ ಅಂಗಿ ಜೇಬಿನಿಂದ ಒಂದು ಪುಟ್ಟ ನೋಟ್‌ಬುಕ್ ತೆಗೆದರು. 1.414, 0.707, 1.155. ಥ್ರೆಡ್ ಅಳತೆಗಳು. 1ರಿಂದ 50ರ ತನಕ ವರ್ಗಗಳು, ನೀಲಿ ಶಾಯಿಯಲ್ಲಿ. ಕೆಲವು ಹಾಳೆ ಎಣ್ಣೆ ಕುಡಿದು ಆಚೆ ಕಡೆಯ ಬರಹವೂ ಕಾಣುತ್ತೆ.

"ಇಂಥವು ಮೂರಿದ್ವು. ಎರಡು ರದ್ದಿಗೆ ಹೋದ್ವು. ಮನೆಯಾಗ ಗೊತ್ತಾಗಲಿಲ್ಲ."

ಹುಡುಗ ಕೇಳಿದ: "ಕಾಕಾ, ಹಂಗಾದ್ರೆ ಇದರಾಗೆ ಹೆಂಗೆ ಒತ್ತಬೇಕಿತ್ತು?"

ಆಗ ಕಾಕಾ ಬೈಯಲಿಲ್ಲ. ಕ್ಯಾಲ್ಕುಲೇಟರ್ ತಗೊಂಡು ತೋರಿಸಿದರು. 2 √ × 40 = ಒತ್ತಿದರೆ 56.568 ಬಂತು. ಇನ್ನೊಂದು ದಾರಿ: 40 × 40 = ಆದ ಮೇಲೆ ಎಂ-ಪ್ಲಸ್, ಮತ್ತೆ 40 × 40 = ಎಂ-ಪ್ಲಸ್, ಆಮೇಲೆ ಎಂಆರ್, √. ಅದೇ ಉತ್ತರ.

"ಆದ್ರ ತಮ್ಮಾ, ಒತ್ತೋ ಮೊದಲು ಒಂದು ಮಾತು. ಚೌಕದ ಮೂಲೆ ಬದಿಗಿಂತ ಉದ್ದ ಇರ್ತೈತಿ, ಎರಡು ಬದಿ ಕೂಡಿದ್ದಕ್ಕಿಂತ ಕಮ್ಮಿ. ನಲವತ್ತಕ್ಕಿಂತ ಜಾಸ್ತಿ, ಎಂಬತ್ತಕ್ಕಿಂತ ಕಮ್ಮಿ. ಅದರ ಹೊರಗೆ ಏನು ಬಂದ್ರೂ ಒತ್ತಿದ್ದು ತಪ್ಪೈತಿ."

ಮೊದಲ ಭಾಗದ ಪ್ರಶ್ನೆಗೆ ಇದೇ ಉತ್ತರ. ನಲವತ್ತರಿಂದ ಎಂಬತ್ತು. ಇಷ್ಟನ್ನ ತಲೆಯಲ್ಲಿ ಇಟ್ಟುಕೊಂಡವನಿಗೆ 256 ನೋಡಿದ ಕೂಡಲೇ ನಗು ಬರುತ್ತೆ. ಇಲ್ಲದವನು ಬಾರ್ ತರೋಕೆ ಹೊರಡ್ತಾನೆ.

ಅವತ್ತು ಆ ಹುಡುಗ 60ರ ಬಾರ್ ಚಕ್‌ಗೆ ಕಟ್ಟಿದ. ಸಂಜೆ ಹೊತ್ತಿಗೆ ಜಾಬ್ ಪಾಸ್.

ಒಂದು ಕೇಳಿಕೆ. ನಿಮ್ಮ ಅಪ್ಪ, ಅಜ್ಜ, ದೊಡ್ಡಪ್ಪ ಯಾರಾದ್ರೂ ಹರಿಹರದ ಕಾರ್ಖಾನೆಯಲ್ಲೋ ದಾವಣಗೆರೆಯ ಮಿಲ್ಲುಗಳಲ್ಲೋ ದುಡಿದಿದ್ರೆ, ಮನೆಯ ಟ್ರಂಕ್ ಒಂದ್ಸಲ ತೆಗೆದು ನೋಡಿ. ಇಂಥ ನೋಟ್‌ಬುಕ್ ಸಿಕ್ಕರೆ ರದ್ದಿಗೆ ಹಾಕಬೇಡಿ. ಮೊದಲು ಎಲ್ಲ ಪುಟ ಫೋಟೋ ತೆಗೆದಿಡಿ. ಬರೆದವರು ಮನೆಯಲ್ಲೇ ಇದ್ದರೆ ಪಕ್ಕದಲ್ಲಿ ಕೂತು ಕೇಳಿ, ಆ ಅಂಕಿ ಯಾವುದಕ್ಕೆ ಅಂತ.

ಅವರು ಹೇಳಿದ್ದನ್ನ ಕಾಮೆಂಟ್‌ನಲ್ಲಿ ಬರೀರಿ. ಮುಂದಿನ ಸರಣಿ ಅದರಿಂದಲೇ ಶುರು ಮಾಡೋಣ.

#ಹರಿಹರ #ದಾವಣಗೆರೆ #ವರ್ಗಮೂಲ #ಗಣಿತದಕಥೆ #ಮಹಾವೀರಾಚಾರ್ಯ #ಶಕುಂತಲಾದೇವಿ #ನಮ್ಮೂರಇತಿಹಾಸ